ಬರಿಗೈ ಬಿಲ್ಡ್

ಅಕ್ಕ ತನ್ನ ಉಸಿರಾಟದ ಯಂತ್ರವನ್ನು ಯಜಮಾನರು ಎಂದು ಕರೆಯುತ್ತಿದ್ದಳು. ಹಗಲು ರಾತ್ರಿ ಪಕ್ಕ ಬಿಟ್ಟು ಕದಲುವುದಿಲ್ಲ, ಬುಸ್ ಬುಸ್ ಅನ್ನುವುದು ಬಿಟ್ಟರೆ ಎದುರು ಮಾತಿಲ್ಲ, ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ನೋಡಲು ಬಂದವರನ್ನೆಲ್ಲ ನಗಿಸುತ್ತಿದ್ದಳು. ಮೈಯ ಸ್ನಾಯುಗಳು ಒಂದೊಂದಾಗಿ ಕೈಕೊಟ್ಟು, ಕೊನೆಗೆ ಎದೆಯವೂ ಸೋತಿದ್ದವು. ನಾಲಿಗೆ ಮಾತ್ರ ಮೊದಲಿನಷ್ಟೇ ಹರಿತವಾಗಿ ಉಳಿದಿತ್ತು. ಯಂತ್ರ ಒಂದು ಉಸಿರು ತುಂಬಿ ಇನ್ನೊಂದಕ್ಕೆ ಅಣಿಯಾಗುವ ಸಂದಿನಲ್ಲಿ ಎರಡೆರಡೇ ಶಬ್ದ ಜೋಡಿಸಿ ಮಾತಾಡಬೇಕಿತ್ತು. ಅಷ್ಟರಲ್ಲೇ ಅವಳು ಎದುರಿನವರ ಬಾಯಿ ಮುಚ್ಚಿಸುತ್ತಿದ್ದಳು.

ಆ ಯಜಮಾನರ ತಲೆಯೊಳಗಿನ ಸಾಫ್ಟ್‌ವೇರ್ ತಯಾರಾಗುತ್ತಿದ್ದದ್ದು ತಂಗಿ ಕೆಲಸ ಮಾಡುವ ಕಂಪನಿಯಲ್ಲಿ. ಮನೆಯಲ್ಲಿ ಎಲ್ಲರಿಗೂ ಅವಳು ಚಿಕ್ಕವಳು. ಆಫೀಸಿನಲ್ಲಿ ಬಿಲ್ಡ್ ಮೇಡಂ. ಪ್ರೋಗ್ರಾಂ ಬರೆಯುವವರು ಬೇರೆ. ಅವರು ಬರೆದ ನೂರಾರು ತುಂಡುಗಳನ್ನು ಯಂತ್ರಕ್ಕೆ ಹಾಕುವಂಥ ಒಂದೇ ಇಡಿಯಾಗಿ ಕಟ್ಟಿಕೊಡುವುದು ಚಿಕ್ಕವಳ ಕೆಲಸ. ಚೆನ್ನಾಗಿ ಕಟ್ಟಿದಾಗ ಯಾರೂ ಅವಳನ್ನು ನೆನೆಯುವುದಿಲ್ಲ, ತಡವಾದಾಗ ಎಲ್ಲರೂ ಬಂದು ಅವಳ ಕುರ್ಚಿಯ ಹಿಂದೆ ನಿಲ್ಲುತ್ತಾರೆ.

ಆ ಆಫೀಸಿನಲ್ಲಿ ಬಿಲ್ಡಿಗೆ ಒಂದು ಹಳೆಯ ಪದ್ಧತಿ ಇತ್ತು. ಒರೆಸಿ ಖಾಲಿ ಮಾಡಿದ ಕಂಪ್ಯೂಟರಿನಲ್ಲಿ ಮೊದಲು ಬೀಜವನ್ನು ಮಾತ್ರ ಇಡಬೇಕು. ಬೀಜ ಅಂದರೆ ಅತಿ ಪುಟ್ಟ ಮೂಲ ವ್ಯವಸ್ಥೆ: ಯಂತ್ರ ಎಚ್ಚರಾಗುವುದಕ್ಕೆ, ಹೊತ್ತು ಎಣಿಸುವುದಕ್ಕೆ, ಕರೆಂಟು ಇದೆಯೋ ಇಲ್ಲವೋ ತಿಳಿಯುವುದಕ್ಕೆ ಎಷ್ಟು ಬೇಕೋ ಅಷ್ಟೇ. ಅದರ ಆಸರೆಯಲ್ಲಿ ಮೊದಲ ತುಂಡನ್ನು ಕಟ್ಟಬೇಕು, ಅವೆರಡರ ಆಸರೆಯಲ್ಲಿ ಮುಂದಿನದನ್ನು. ಹಿಂದಿನ ಸಲ ಕಟ್ಟಿಟ್ಟ ಒಂದು ಚೂರನ್ನೂ ಮುಟ್ಟುವ ಹಾಗಿಲ್ಲ. ಇದಕ್ಕೆ ಬರಿಗೈ ಬಿಲ್ಡ್ ಎಂದು ಹೆಸರು. ಮುಗಿಯಲು ಹೆಚ್ಚುಕಡಿಮೆ ಎರಡು ದಿನ ಹಿಡಿಯುತ್ತಿತ್ತು. ಕೊನೆಯ ತುಂಡಿನಲ್ಲಿ ಯಾರೋ ಒಂದು ಚಿಹ್ನೆ ತಪ್ಪಿ ಬರೆದಿದ್ದರೆ ಮತ್ತೆ ಮೊದಲಿನಿಂದ.

ಅಂಥ ಹೊತ್ತಿನಲ್ಲಿ ಯಂತ್ರದಲ್ಲಿ ಒಂದು ದೋಷ ಸಿಕ್ಕಿತು. ಕರೆಂಟು ಹೋದರೆ ಅದು ಬ್ಯಾಟರಿಯ ಮೇಲೆ ಓಡಬೇಕು, ಬ್ಯಾಟರಿ ಮುಗಿಯುತ್ತ ಬಂದಾಗ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಳ್ಳಬೇಕು. ಕರೆಂಟು ಹೋದ ತಕ್ಷಣ ಕೂಗುವುದಿಲ್ಲ, ಹೋದಾಗೆಲ್ಲ ಕೂಗಿದರೆ ಮನೆಯವರಿಗೆ ಹುಚ್ಚು ಹಿಡಿದೀತು. ಕರೆಂಟು ಒಮ್ಮೆಗೇ ಹೋದರೆ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಆದರೆ ಹೋಗಿ, ಬಂದು, ಮತ್ತೆ ಹೋಗಿ ಕಣ್ಣುಮುಚ್ಚಾಲೆ ಆಡಿದರೆ ಅದರ ಎಣಿಕೆ ಕೆಡುತ್ತಿತ್ತು. ಬ್ಯಾಟರಿ ಬರಿದಾಗುತ್ತಿದ್ದರೂ ಹೊಟ್ಟೆ ತುಂಬಿದೆ ಎಂದುಕೊಂಡು ಸುಮ್ಮನಿದ್ದು, ಸುಮ್ಮನೆ ನಿಂತುಬಿಡುತ್ತಿತ್ತು. ಹೊಸ ಸಾಫ್ಟ್‌ವೇರ್ ಬರುವ ತನಕ ರೋಗಿಯ ಹತ್ತಿರ ಯಾರಾದರೊಬ್ಬರು ಎಚ್ಚರವಾಗಿ ಇರಲೇಬೇಕು ಎಂದು ಕಂಪನಿ ಎಲ್ಲ ಮನೆಗಳಿಗೂ ತಿಳಿಸಿತು. ತಿಳಿಸುವುದೇನು, ಬಾಯಿಮಾತಿಗೆ ಖರ್ಚಿಲ್ಲ. ಎಚ್ಚರವಾಗಿ ಇರಬೇಕಾದವರು ಬೇರೆಯವರು.

ಈ ಮನೆಯಲ್ಲಿ ಕಾಯಲು ಇದ್ದವರು ಇಬ್ಬರೇ, ಅಮ್ಮ ಮತ್ತು ಚಿಕ್ಕವಳು. ಆಫೀಸಿನಿಂದ ಬಂದ ಮೇಲೆ ಒಂದಷ್ಟು ಹೊತ್ತು ಚಿಕ್ಕವಳು ಮಂಚದ ಪಕ್ಕ ಕೂರುವಳು, ಉಳಿದ ಹೊತ್ತೆಲ್ಲ ಅಮ್ಮನ ಪಾಲಿಗೆ. ಮಂಚದ ಕೆಳಗೆ ಇನ್ನೊಂದು ಬ್ಯಾಟರಿ ಸದಾ ತಯಾರಿರುತ್ತಿತ್ತು. ಅದನ್ನು ಸಿಕ್ಕಿಸುವುದು ಅಮ್ಮನಿಗೆ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸಲೀಸು, ಆದರೆ ಕಣ್ಣು ಮುಚ್ಚುವ ಹಾಗಿರಲಿಲ್ಲ. ಅಮ್ಮ ಬಾಗಿಲಿಗೆ ಒರಗಿ ನಿಂತೇ ತೂಕಡಿಸುವುದನ್ನು ಕಲಿತಳು. ತಟ್ಟೆಯ ಮುಂದೆ ಕೂತು ಕೈಯಲ್ಲಿದ್ದ ತುತ್ತನ್ನು ಮರೆಯುತ್ತಿದ್ದಳು. ಅಕ್ಕ ಅದನ್ನೆಲ್ಲ ನೋಡುತ್ತಿದ್ದಳು. ನೋಡುವುದೊಂದೇ ಅವಳ ಕೈಲಾಗುತ್ತಿದ್ದದ್ದು. ನನ್ನನ್ನ ಕಾಯ್ತಾ ನೀನು ಮೊದಲು ಹೋಗಿಬಿಡ್ತೀಯ, ಆಮೇಲೆ ಯಜಮಾನರಿಗೆ ಊಟ ಹಾಕೋರು ಯಾರು ಎಂದು ರೇಗಿಸುತ್ತಿದ್ದಳು.

ಅತ್ತ ಆಫೀಸಿನಲ್ಲಿ ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು, ಕೆಟ್ಟಾಗೆಲ್ಲ ಎರಡು ದಿನ ಮಣ್ಣುಪಾಲು. ಬಿಲ್ಡ್ ಬೇಗ ಆಗುವ ಹಾಗೆ ಏನಾದರೂ ಮಾಡಿ ಎಂದು ಸಾಹೇಬರು ಚಿಕ್ಕವಳಿಗೆ ಗಂಟುಬಿದ್ದರು. ಸಾಹೇಬರಿಗೆ ಮಾರುಕಟ್ಟೆಯ ಚಿಂತೆ. ಚಿಕ್ಕವಳಿಗೆ ಬಾಗಿಲಿಗೆ ಒರಗಿ ನಿಂತ ಅಮ್ಮನ ಚಿಂತೆ. ಬೇರೆ ಬೇರೆ ದಾರಿಯಿಂದ ಬಂದು ಇಬ್ಬರೂ ಒಂದೇ ಮಾತಿಗೆ ನಿಂತರು.

ಅವಳು ಒಂದು ಉಗ್ರಾಣ ಕಟ್ಟಿದಳು. ಒಮ್ಮೆ ಕಟ್ಟಿದ ತುಂಡನ್ನು ಎಸೆಯದೆ ಅಲ್ಲಿ ಇಡುವುದು, ಮುಂದಿನ ಸಲ ಆ ತುಂಡೂ ಅದಕ್ಕೆ ಆಸರೆಯಾದವೂ ಬದಲಾಗಿಲ್ಲದಿದ್ದರೆ ಇಟ್ಟದ್ದನ್ನೇ ಎತ್ತಿ ತರುವುದು. ಕೇಳಲು ಸೊಗಸಾಗಿತ್ತು, ಮಾಡಿ ನೋಡಿದರೆ ಉಳಿತಾಯ ಏನೂ ಕಾಣಲಿಲ್ಲ. ಕಾರಣ ಬೀಜ. ಅದು ಎಲ್ಲ ತುಂಡುಗಳಿಗೂ ಆಸರೆ, ಮತ್ತು ಪ್ರತಿ ಬಿಲ್ಡಿನಲ್ಲೂ ಅದರ ಮೇಲೆ ಹೊಸ ತಾರೀಖು ಬೀಳುತ್ತಿತ್ತು. ತಾರೀಖು ಬಿದ್ದದ್ದೇ ತಡ, ಬೀಜ ಬದಲಾಯಿತೆಂದು ಉಗ್ರಾಣ ಎಲ್ಲವನ್ನೂ ಮತ್ತೆ ಕಟ್ಟಲು ಕೂರುತ್ತಿತ್ತು.

ಬೀಜವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಹೇಗೆ ಎಂದು ಅವಳು ಪಕ್ಕದ ಮೇಜಿನ ಅಜ್ಜನನ್ನು ಕೇಳಿದಳು. ಅಜ್ಜ ಅಂದರೆ ತೀರ ಮುದುಕನೇನಲ್ಲ, ಅವಳಿಗಿಂತ ಮುಂಚೆ ಬಿಲ್ಡ್ ನೋಡಿಕೊಳ್ಳುತ್ತಿದ್ದವನು. ಬರಿಗೈ ಬಿಲ್ಡ್ ಕಲಿಸಿದ್ದೇ ಅವನು.

"ಬೀಜಾನಾ? ನಾನು ಸೇರಿದಾಗಿಂದ ಅದನ್ನ ಯಾರೂ ಮುಟ್ಟಿಲ್ಲ," ಎಂದ ಅಜ್ಜ. "ಮುಟ್ಟೋ ಧೈರ್ಯವೂ ಇಲ್ಲಿ ಯಾರಿಗೂ ಇಲ್ಲ. ಬಿಡು, ಏನಾಗಲ್ಲ. ಕೊನೇ ಬಿಲ್ಡ್ ಮಾತ್ರ ಬರಿಗೈಲೇ ಮಾಡು."

ಅವಳೂ ಹಾಗೇ ಅಂದುಕೊಂಡಿದ್ದಳು. ಪ್ರಯೋಗಕ್ಕೆ ಉಗ್ರಾಣ, ಮನೆಮನೆಗೆ ಹೋಗುವುದಕ್ಕೆ ಬರಿಗೈ. ಬೀಜವನ್ನು ಲೆಕ್ಕದಿಂದ ಬಿಟ್ಟ ಮೇಲೆ ಎರಡು ದಿನದ ಕೆಲಸ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯತೊಡಗಿತು. ಸಾಹೇಬರು ಮೀಟಿಂಗ್ ಕರೆದು ಚಪ್ಪಾಳೆ ಹೊಡೆಸಿದರು. ಎಂದೂ ಅವಳ ಹೆಸರೆತ್ತದವರೂ ಕೈಕುಲುಕಿದರು. ಅವಳಿಗೆ ಖುಷಿಯಾಯಿತು. ಆಗದೆ ಇರುತ್ತದೆಯೇ, ಅವಳೂ ಮನುಷ್ಯಳೇ.

ಕೂಗುವ ತುಂಡನ್ನು ಬರೆಯುತ್ತಿದ್ದವನನ್ನು ಆಫೀಸಿನಲ್ಲಿ ಗಂಟೆಯವನು ಎನ್ನುತ್ತಿದ್ದರು. ಮಾತು ಕಡಿಮೆ, ಕೆಲಸ ಜಾಸ್ತಿ. ಆ ವಾರದ ಕೊನೆಯಲ್ಲಿ ಅವನು ಬಂದು ದೋಷ ಸರಿಹೋಯಿತು ಎಂದ. ತನ್ನ ಮೇಜಿನ ಯಂತ್ರದಲ್ಲಿ ಪ್ಲಗ್ ಎಳೆದು, ಹಾಕಿ, ಎಳೆದು ತೋರಿಸಿದ, ಅದು ಸರಿಯಾದ ಹೊತ್ತಿಗೆ ಕೂಗಿತು. ಎಲ್ಲರೂ ಉಸಿರು ಬಿಟ್ಟರು. ಇನ್ನು ಉಳಿದದ್ದು ಕೊನೆಯ ಬಿಲ್ಡ್. ಬರಿಗೈ ಬಿಲ್ಡಿಗೆಂದು ಚಿಕ್ಕವಳು ಕಂಪ್ಯೂಟರ್ ಒರೆಸಿ ಖಾಲಿ ಮಾಡಿಟ್ಟು, ಬೆಳಿಗ್ಗೆ ಶುರು ಮಾಡೋಣವೆಂದು ಮನೆಗೆ ಬಂದಳು.

ಅಡುಗೆಮನೆಯಲ್ಲಿ ಅಮ್ಮ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ನಿಂತಿದ್ದಳು. ಒಲೆಯ ಮುಂದೆ ನಿಂತಲ್ಲೇ ಕಣ್ಣು ಹತ್ತಿ, ಅಂಗೈ ಪೂರ್ತಿ ಕಾದ ಬಾಣಲೆಯ ಮೇಲೆ ಊರಿಬಿಟ್ಟಿದ್ದಳು. ಚರ್ಮ ಬಿಳಿಚಿ ಎದ್ದಿತ್ತು. ಏನಿಲ್ಲ ಬಿಡೇ ಎಂದಳು. ಒಳಗಿನಿಂದ ಅಕ್ಕ, ಸುಟ್ಟ ವಾಸನೆ ಬಂದಾಗ ಕೂಗೋಣ ಅಂದ್ರೆ ನನ್ನ ದನಿ ಬಾಗಿಲೂ ದಾಟಲಿಲ್ಲ ಎಂದಳು. ತಮಾಷೆಗೆ ಹೇಳಲು ಹೋಗಿ ಅವಳ ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಬಾರದವಳು ಗೋಡೆಯ ಕಡೆ ನೋಡುತ್ತ ಮಲಗಿದಳು.

ಬೆಳಿಗ್ಗೆ ಆಫೀಸಿಗೆ ಹೋದ ಚಿಕ್ಕವಳು ಖಾಲಿ ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಕೂತಳು. ಇನ್ನೂ ಎರಡು ದಿನ. ಇನ್ನೆರಡು ದಿನ ಅಮ್ಮ ಆ ಕೈಯಲ್ಲಿ ಎಚ್ಚರವಿರಬೇಕು. ಉಗ್ರಾಣದ ಬಿಲ್ಡಿಗೂ ಬರಿಗೈ ಬಿಲ್ಡಿಗೂ ಇಷ್ಟು ದಿನ ಎಳ್ಳಷ್ಟೂ ವ್ಯತ್ಯಾಸ ಕಂಡಿರಲಿಲ್ಲ. ಅವಳು ಉಗ್ರಾಣದಿಂದಲೇ ಕಟ್ಟಿದಳು. ಪರೀಕ್ಷೆ ಮಾಡುವವರು ಪ್ಲಗ್ ಕಿತ್ತು ಕಾದರು. ಬ್ಯಾಟರಿ ಮುಗಿಯುತ್ತ ಬಂದಾಗ ಯಂತ್ರ ಕೂಗಿತು. ಪ್ಲಗ್ಗನ್ನು ಎಳೆದು ಹಾಕಿ ಎಳೆದು ನೋಡುವ ಪರೀಕ್ಷೆಯನ್ನು ಗಂಟೆಯವನು ಮಾಡಿಯಾಗಿದೆಯಲ್ಲ ಎಂದು ಬಿಟ್ಟರು. ಹೊಸ ಸಾಫ್ಟ್‌ವೇರ್ ಎಲ್ಲ ಮನೆಗಳಿಗೂ ಹೊರಟಿತು. ತಮ್ಮ ಮನೆಯದನ್ನು ಅವಳೇ ಒಯ್ದು ಹಾಕಿದಳು.

ಅಮ್ಮನಿಗೆ ನಂಬಿಕೆ ಬರಲೆಂದು ಮನೆಯಲ್ಲೂ ಕೂಗಿಸಿ ತೋರಿಸಿದಳು. ಹಳೆಯ ಬ್ಯಾಟರಿ ಸಿಕ್ಕಿಸಿ, ಪ್ಲಗ್ ಕಿತ್ತು ಕಾದಾಗ ಎಂಥ ಕೂಗು ಕೂಗಿತೆಂದರೆ, ಮಹಡಿಯ ಮೇಲಿನ ದರ್ಜಿ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿಬಂದ. ಅಕ್ಕ ನಕ್ಕಳು. ಯಜಮಾನರಿಗೆ ಕೊನೆಗೂ ಬಾಯಿ ಬಂತು ಎಂದಳು.

"ಇನ್ನು ನೀನು ಮಲಗಮ್ಮ," ಎಂದಳು ಚಿಕ್ಕವಳು. "ಅದು ಕೂಗುತ್ತೆ."

"ಕೂಗುತ್ತೆ ತಾನೆ?"

"ನಾನೇ ಕಟ್ಟಿದ್ದು. ಕೂಗುತ್ತೆ."

ಅಮ್ಮ ಅಂದು ಮಲಗಿದಳು, ಮರುದಿನವೂ ಮಲಗಿದಳು. ಮುಖದ ಮೇಲೆ ರಕ್ತ ಬಂತು. ಅಕ್ಕ ತನ್ನ ಫೋನಿನಲ್ಲಿ ಇಂಥ ಯಂತ್ರ ಇಟ್ಟುಕೊಂಡ ಮನೆಯವರದ್ದೊಂದು ಗುಂಪು ನಡೆಸುತ್ತಿದ್ದಳು. ಅದಕ್ಕೆ ಯಜಮಾನರ ಸಂಘ ಎಂದು ಹೆಸರಿಟ್ಟಿದ್ದೂ ಅವಳೇ. ನಮ್ಮ ಚಿಕ್ಕವಳು ಕಟ್ಟಿದ್ದು, ಎಲ್ಲರೂ ನೆಮ್ಮದಿಯಾಗಿ ಮಲಗಿ ಎಂದು ಅವಳು ಒಂದೊಂದೇ ಶಬ್ದವಾಗಿ ಹೇಳಿದ್ದನ್ನು ಅಮ್ಮ ಒತ್ತಿ ಕಳಿಸಿದಳು.

ಹೊಸದು ಬಂದು ವಾರ ಕಳೆಯುವ ಮೊದಲೇ ಒಂದು ಮಧ್ಯಾಹ್ನ ಗಾಳಿ ಎದ್ದಿತು. ತಂತಿಗೆ ತಂತಿ ತಗುಲಿ ಕರೆಂಟು ಹೋಯಿತು, ಬಂತು, ಹೋಯಿತು, ಬಂತು, ಮತ್ತೆ ಹೋಗಿ ಸಂಜೆಯ ತನಕ ಬರಲಿಲ್ಲ. ಊಟ ಮುಗಿಸಿದ ಅಮ್ಮ ಅಕ್ಕನ ಮಂಚದ ಕಾಲಿಗೆ ತಲೆ ಕೊಟ್ಟು ಚಾಪೆಯ ಮೇಲೆ ಮಲಗಿದ್ದಳು. ಎದ್ದಾಗ ಕೋಣೆಯಲ್ಲಿ ಬುಸ್ ಬುಸ್ ಸದ್ದು ಇರಲಿಲ್ಲ. ಫೋನಿನಲ್ಲಿ ಅಮ್ಮ ಹೇಳಿದ್ದು ಅಕ್ಕ ಮಾತಾಡ್ತಿಲ್ಲ ಎಂದಷ್ಟೇ. ಚಿಕ್ಕವಳು ಮನೆ ಮುಟ್ಟುವಷ್ಟರಲ್ಲಿ ಅಕ್ಕನ ಕೆನ್ನೆ ತಣ್ಣಗಾಗಿತ್ತು. ಹೊಸ ಬ್ಯಾಟರಿ ಸಿಕ್ಕಿಸಿದ ಯಂತ್ರ ತನ್ನ ಪಾಡಿಗೆ ತಾನು ಗಾಳಿ ಊದುತ್ತಿತ್ತು. ಅದನ್ನು ನಿಲ್ಲಿಸಲು ಅಮ್ಮ ಬಿಡಲಿಲ್ಲ.

ಬಂದವರೆಲ್ಲ ಬಂದು ಹೋದರು. ಅಳುವವರು ಅತ್ತರು. ಅಮ್ಮ ಅಳಲಿಲ್ಲ. ಸಮಾಧಾನ ಹೇಳಲು ಬಂದ ಚಿಕ್ಕಮ್ಮನಿಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು: ಅದು ಕೂಗಿರುತ್ತೆ ಕಣೆ, ಚಿಕ್ಕವಳೇ ಕಟ್ಟಿದ್ದಲ್ವಾ, ನನಗೇ ಕೇಳಿಸಿಲ್ಲ. ನಾನು ಹೆಣದ ಹಾಗೆ ಬಿದ್ದುಕೊಂಡಿದ್ದೆ. ಚಾಪೆಯನ್ನು ಸುತ್ತಿ ಹಿತ್ತಲ ಬಾಗಿಲ ಆಚೆ ಇಟ್ಟಳು. ಮಲಗುವುದನ್ನೇ ಬಿಟ್ಟಳು. ಈಗ ಕಾಯುವುದಕ್ಕೆ ಯಾರೂ ಇಲ್ಲದಿದ್ದರೂ ಖಾಲಿ ಮಂಚದ ಪಕ್ಕ ಬೆನ್ನು ನೇರ ಮಾಡಿ ಕೂರುತ್ತಿದ್ದಳು.

ಚಿಕ್ಕವಳಿಗೆ ಮೊದಲ ಅನುಮಾನ ಹುಟ್ಟಿಸಿದವನು ದರ್ಜಿ. ಮೆಟ್ಟಿಲ ಹತ್ತಿರ ಸಿಕ್ಕಾಗ, ಆ ಮಧ್ಯಾಹ್ನ ತಾನು ಮೇಲೇ ಇದ್ದೆ, ಕರೆಂಟಿಲ್ಲದೆ ಹೊಲಿಗೆ ನಿಂತಿತ್ತು, ಎಲ್ಲ ಎಷ್ಟು ಸದ್ದಿಲ್ಲದೆ ಆಗಿಹೋಯಿತಲ್ಲ ಎಂದು ಅವನು ಕೊರಗಿದ. ಅಂದು ಆ ಕೂಗಿಗೆ ಕತ್ತರಿ ಹಿಡಿದು ಓಡಿಬಂದವನು ಇವನೇ. ಏನೂ ಕೇಳಿಸಲಿಲ್ಲವೇ ಎಂದು ಎರಡು ಸಲ ಕೇಳಿದಳು. ಏನೂ ಇಲ್ಲ ತಾಯಿ ಎಂದ.

ಅವಳು ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಹೋದಳು. ಪ್ಲಗ್ ಹಾಕಿ, ಎಳೆದು, ಹಾಕಿ, ಎಳೆದು, ಗಾಳಿ ಆಡಿದ ಆಟವನ್ನೇ ಆಡಿಸಿ ಪಕ್ಕದಲ್ಲಿ ಕೂತಳು. ಜನ ಊಟಕ್ಕೆ ಹೋದರು, ಬಂದರು. ಯಂತ್ರ ಬುಸ್ ಬುಸ್ ಅನ್ನುತ್ತಿತ್ತು. ಆಮೇಲೆ ಕೂಗದೆ, ಒಂದು ದೀಪವನ್ನೂ ಮಿಣುಕಿಸದೆ ನಿಂತುಹೋಯಿತು. ಅವಳು ಎದ್ದು ಗಂಟೆಯವನ ಮೇಜಿಗೆ ಹೋಗಿ, ದೋಷವನ್ನು ಎಲ್ಲಿ ಸರಿ ಮಾಡಿದೆ ಎಂದು ಕೇಳಿದಳು.

"ಬೀಜದಲ್ಲಿ," ಎಂದ ಅವನು. "ಹೊತ್ತು ಎಣಿಸೋದು ಅದೇ ಅಲ್ವಾ, ತಪ್ಪು ಅಲ್ಲೇ ಇತ್ತು. ಕೂಗೋ ತುಂಡಲ್ಲಿ ಒಂದಕ್ಷರಾನೂ ಬದಲಾಯಿಸಿಲ್ಲ. ಕಟ್ಟೋವಾಗ ಅದು ಬೀಜದ ಎಣಿಕೇನ ಒಳಗೆ ತಗೊಳುತ್ತಲ್ಲ, ತಾನಾಗೇ ಸರಿಹೋಗುತ್ತೆ."

ಅವನು ತನ್ನ ಮೇಜಿನ ಯಂತ್ರಕ್ಕೆ ಹಳೆಯ ಅಭ್ಯಾಸದಂತೆ ಬರಿಗೈಯಲ್ಲೇ ಕಟ್ಟಿಕೊಂಡಿದ್ದ. ಮನೆಗಳಿಗೆ ಹೋದ ಬಿಲ್ಡಿನಲ್ಲಿ ಹೊಸ ಬೀಜದ ಮೇಲೆ, ಉಗ್ರಾಣದಿಂದ ಎತ್ತಿ ತಂದ ಹಳೆಯ ಕೂಗುವ ತುಂಡು ಕೂತಿತ್ತು. ಅದರ ಹೊಟ್ಟೆಯೊಳಗೆ ಹಳೆಯ ಎಣಿಕೆಯೇ ಇತ್ತು. ಯಾರೂ ಮುಟ್ಟದ ಬೀಜವನ್ನು ಕಡೆಗೂ ಒಬ್ಬ ಮುಟ್ಟಿದ್ದ, ಅದೂ ಅಕ್ಕನಂಥವರ ಜೀವ ಉಳಿಸಲು. ಉಗ್ರಾಣಕ್ಕೆ ಬೀಜವನ್ನು ನೋಡಬೇಡ ಎಂದು ಹೇಳಿದವಳು ಚಿಕ್ಕವಳು. ಗಂಟೆಯವನು ಕುರ್ಚಿ ಸರಿಸಿಕೊಟ್ಟ, ಅವಳು ಕೂರಲಿಲ್ಲ.

ಸಾಹೇಬರು ಬಾಗಿಲು ಹಾಕಿಸಿ ಎಲ್ಲ ಕೇಳಿಸಿಕೊಂಡರು. ಅಕ್ಕನ ವಿಷಯಕ್ಕೆ ನೊಂದುಕೊಂಡರು, ಅದು ನಾಟಕವೂ ಆಗಿರಲಿಲ್ಲ. ಆಮೇಲೆ, ಬರಿಗೈ ಬಿಲ್ಡ್ ಶುರು ಮಾಡಿ, ಮುಗಿದ ಮೇಲೆ ಸಣ್ಣ ಸುಧಾರಣೆ ಎಂದು ಕಳಿಸೋಣ, ಅಲ್ಲಿಯ ತನಕ ವಕೀಲರನ್ನು ಕೇಳದೆ ಯಾರೂ ಬಾಯಿ ಬಿಡುವುದು ಬೇಡ ಎಂದರು. ಆ ಎರಡು ದಿನ ಮನೆಗಳಲ್ಲಿ ಜನ ಮಲಗಿರುತ್ತಾರಲ್ಲ ಎಂದಳು ಅವಳು. ಸಾಹೇಬರು ತಮ್ಮ ಚಹಾದ ಲೋಟವನ್ನು ಅತ್ತ ಇತ್ತ ತಿರುಗಿಸಿದರು. ಎಲ್ಲ ಕಡೆ ಗಾಳಿ ಬೀಸಲ್ಲವಲ್ಲಮ್ಮ ಎಂದರು. ಎಷ್ಟು ಸಲೀಸಾಗಿ ಅಂದುಬಿಟ್ಟರು. ಇಂಥವರ ಮನೆಯಲ್ಲಿ ಒಂದೇ ಒಂದು ರಾತ್ರಿ ಆ ಯಂತ್ರವನ್ನು ಇಟ್ಟು ನೋಡಬೇಕು.

ಅವಳು ಕಂಪ್ಯೂಟರ್ ಒರೆಸಿ ಬೀಜವನ್ನು ಇಟ್ಟು, ಬರಿಗೈ ಬಿಲ್ಡ್ ಹಚ್ಚಿದಳು. ನೋಡಿಕೊಳ್ಳಲು ಅಜ್ಜ ಕೂತ. ಅವನ ಮುಖ ಬೂದಿ ಬಡಿದಂತಿತ್ತು. ನಾನೇ ಬಿಡು ಅಂದೆನಲ್ಲ ಎಂದು ಒಮ್ಮೆ ಗೊಣಗಿದ. ಚಿಕ್ಕವಳು ಮನೆಗೆ ಹೊರಟಳು.

ಅಮ್ಮ ಖಾಲಿ ಮಂಚದ ಪಕ್ಕ ಕೂತಿದ್ದಳು. ಸುಟ್ಟ ಅಂಗೈ ಮೇಲುಮುಖವಾಗಿ ತೊಡೆಯ ಮೇಲಿತ್ತು. ಚಿಕ್ಕವಳು ನೆಲದ ಮೇಲೆ ಕೂತು ಹೇಳಿದಳು. ಬೀಜ, ಉಗ್ರಾಣ ಎಂದೆಲ್ಲ ಶುರು ಮಾಡಿ, ಅಮ್ಮನ ಮುಖ ನೋಡಿ ಅದನ್ನು ಬಿಟ್ಟಳು. ಎರಡು ದಿನದ ಕೆಲಸವನ್ನು ಒಂದು ಗಳಿಗೆಯಲ್ಲಿ ಮಾಡಿದೆ, ಅದರಲ್ಲಿ ಹಳೆಯದು ಹಾಗೇ ಉಳಿದುಹೋಯಿತು ಎಂದಳು. ನಿನ್ನ ತಪ್ಪಲ್ಲ, ನನ್ನದು ಎಂದಳು.

"ಹಾಗಾದ್ರೆ ಅದು ಕೂಗಲೇ ಇಲ್ಲ?" ಅಮ್ಮ ಕೇಳಿದಳು.

"ಇಲ್ಲ."

"ನಾನು ಮಲಗಿದ್ರೂ ಕೇಳಿಸ್ತಿತ್ತು, ಕೂಗಿದ್ರೆ."

"ಕೇಳಿಸ್ತಿತ್ತು."

ಅಮ್ಮ ಅಂದು ತಾನು ತಲೆ ಕೊಟ್ಟು ಮಲಗಿದ್ದ ಮಂಚದ ಕಾಲನ್ನು ನೋಡಿದಳು. ಹೊರೆ ಇಳಿದವರ ಮುಖ ಹೀಗಿರುವುದಿಲ್ಲ.

"ಎಚ್ಚರವಾಗಿದ್ರೆ ಉಳಿಸ್ಕೋತಿದ್ದೆ," ಎಂದಳು. "ಅಷ್ಟು ದಿನ ಉಳಿಸ್ಕೊಂಡಿದ್ನಲ್ಲ. ನೀನು ಮಲಗು ಅಂದೆ."

ಚಿಕ್ಕವಳು ಅಮ್ಮನ ಕಾಲು ಮುಟ್ಟಲು ಹೋದಳು. ಅಮ್ಮ ಕಾಲನ್ನು ಮೆಲ್ಲಗೆ ಎಳೆದುಕೊಂಡಳು.

ಹೊರಗೆ ಕಿಟಕಿಯ ಬಾಗಿಲು ಒಮ್ಮೆ ಬಡಿದುಕೊಂಡಿತು. ಅಮ್ಮ ತಲೆ ಎತ್ತಿ ಆ ಕಡೆ ನೋಡಿದಳು. ನಮ್ಮ ಮನೆಯದೊಂದೇನಾ, ಉಳಿದವರದೂ ಹೀಗೇನಾ ಎಂದು ಕೇಳಿದಳು. ಉಳಿದವರದೂ ಹೀಗೇ ಎಂದಳು ಚಿಕ್ಕವಳು, ಬಾಯಿ ಬಿಡಬಾರದು ಎಂದಿದ್ದಾರೆ ಎಂದೂ ಹೇಳಿದಳು. ಅಮ್ಮ ಎದ್ದು ದಿಂಬಿನ ಪಕ್ಕ ಇನ್ನೂ ಹಾಗೇ ಇದ್ದ ಅಕ್ಕನ ಫೋನನ್ನು ಕೈಗೆತ್ತಿಕೊಂಡಳು. ಯಜಮಾನರ ಸಂಘದಲ್ಲಿ ಕೊನೆಯದಾಗಿ ಇದ್ದದ್ದು ಅಕ್ಕನ ಮಾತು, ಎಲ್ಲರೂ ನೆಮ್ಮದಿಯಾಗಿ ಮಲಗಿ ಎನ್ನುವುದು. ಅದರ ಕೆಳಗೆ ಎಷ್ಟೋ ಮನೆಗಳವರು ಕೈಮುಗಿದಿದ್ದರು.

ಬರೆದು ಹಾಕಿದರೆ ಮಲಗಿದವರಿಗೆ ಕಾಣಿಸುವುದಿಲ್ಲ ಎಂದು ಅಮ್ಮ ಒಂದೊಂದೇ ಮನೆಗೆ ಫೋನ್ ಮಾಡತೊಡಗಿದಳು. ಯಾರ ತಪ್ಪು ಎಂದು ಯಾರಿಗೂ ಹೇಳಲಿಲ್ಲ. ಹೊಸದು ಕೂಗಲ್ಲ, ಎಚ್ಚರವಾಗಿರಿ, ನಮ್ಮ ಮಗಳು ಹೋದಳು, ಅಷ್ಟೇ. ಕೆಲವರು ಅತ್ತರು, ಒಬ್ಬರು ಬೈದರು. ಒಂದು ಮನೆಯಲ್ಲಿ ಫೋನು ಬಡಿದುಕೊಂಡು ನಿಂತಿತು. ಅಮ್ಮ ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಒಬ್ಬ ಹೆಂಗಸು ಎತ್ತಿದಳು, ಗಂಡ ಯಂತ್ರದ ಮೇಲಿದ್ದವಳು. ನಿದ್ದೆ ತುಂಬಿದ ದನಿ, ಎಷ್ಟೋ ದಿನದ ಮೇಲೆ ಕಣ್ಣು ಹತ್ತಿತ್ತು, ಕೇಳಿಸಲಿಲ್ಲ ಎಂದಳು. ಇಲ್ಲಿ ಕರೆಂಟು ಬೇರೆ ಆಟ ಆಡ್ತಿದೆ ಎಂದಳು.

"ಏಳಮ್ಮ," ಎಂದಳು ಅಮ್ಮ. "ಮೊದಲು ಹೋಗಿ ಗಂಡನ್ನ ನೋಡು. ನಾನು ಫೋನ್ ಹಿಡ್ಕೊಂಡಿರ್ತೀನಿ."

ಆ ಕಡೆ ಏನೋ ಬಿದ್ದ ಸದ್ದು, ಆಮೇಲೆ ಓಡುವ ಹೆಜ್ಜೆ. ಅಮ್ಮ ಸುಟ್ಟ ಕೈಯಲ್ಲೇ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಳು. ಚಿಕ್ಕವಳು ಪಕ್ಕಕ್ಕೆ ಬಂದು ನಿಂತಳು. ಇಬ್ಬರಿಗೂ ಕೇಳಿಸುತ್ತಿದ್ದದ್ದು ಬರೀ ಖಾಲಿ ಕೋಣೆಯ ಸದ್ದು. ಬಹಳ ಹೊತ್ತಾದ ಮೇಲೆ ಹೆಂಗಸು ಏದುಸಿರು ಬಿಡುತ್ತ ಬಂದಳು. ಇದ್ದಾರೆ, ಬ್ಯಾಟರಿ ಬದಲಾಯಿಸಿದೆ, ಇದ್ದಾರೆ ಎಂದಳು.

ಅಮ್ಮ ಫೋನ್ ಇಟ್ಟು ಗೋಡೆಗೆ ಕೈಯೂರಿ ನಿಂತಳು. ಅಷ್ಟು ದಿನ ಬಾರದ ಅಳು ಈಗ ಬಂತು, ಯಾರದೋ ಗಂಡ ಉಳಿದುಕೊಂಡಿದ್ದಕ್ಕೆ. ಹಿಡಿದುಕೊಳ್ಳಲು ಹೋದ ಚಿಕ್ಕವಳ ಕೈಯನ್ನು ಸರಿಸಿ ಫೋನನ್ನು ಅವಳ ಅಂಗೈಯಲ್ಲಿ ಇಟ್ಟಳು.

"ಮುಂದಿನ ಮನೆಗೆ ನೀನು ಮಾಡು," ಎಂದಳು. "ಯಾರು ಕಟ್ಟಿದ್ದು ಅಂತ ಕೇಳಿದ್ರೆ ಹೇಳು."